ಬಿಟ್ಟಿ ಊಟದ ತೂಕ

ಕೊಟ್ಟೂರಿನ ಮಾರುಕಟ್ಟೆಗೆ ಶೇಂಗಾ ತಂದ ರೈತನು ತೂಕದ ಹೊತ್ತಿನಲ್ಲಿ ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. ಕ್ವಿಂಟಲೊಂದಕ್ಕೆ 2.7 ಕಿಲೋ ಕಡಿಮೆ ತೋರಿಸುವ ತಕ್ಕಡಿ ಅಲ್ಲಿದೆಯೆಂದು ತಿಳಿದರೆ ಅಂದಿನ ವ್ಯಾಪಾರವೇ ನಿಂತು ಹೋದೀತು. ವರ್ತಕನು ಊಟ ಹಾಕಿಸಿದನು, ಚಹಾ ಕುಡಿಸಿದನು, ರಾತ್ರಿ ಮಲಗಲು ಕೋಣೆ ಕೊಟ್ಟನು ಎಂಬ ಕಾರಣದಿಂದ ಆ ತಕ್ಕಡಿಯನ್ನು ಯಾವ ರೈತನೂ ಒಪ್ಪಲಾರನು. ಊಟದ ಉಪಚಾರವೇ ಬೇರೆ, ತೂಕದ ನ್ಯಾಯವೇ ಬೇರೆ ಎಂಬ ವಿವೇಕವು ನಮ್ಮ ಸೀಮೆಯಲ್ಲಿ ಓದುಬರಹ ಬಾರದವರಿಗೂ ಉಂಟು.

ಆದರೆ ಇದೇ ವಿವೇಕವು ಜೂಜಿನ ಮನೆಯ ಹೊಸ್ತಿಲಲ್ಲಿ ಕಳಚಿ ಬೀಳುವುದೇಕೆ? ನೂರಕ್ಕೆ 2.7ರಷ್ಟನ್ನು, ಅಥವಾ ಅದರ ಇಮ್ಮಡಿಯನ್ನು, ಪ್ರತಿಯೊಂದು ಪಣದಿಂದಲೂ ಕಡಿದುಕೊಳ್ಳುವ ಯಂತ್ರದ ಮುಂದೆ ಮನುಷ್ಯನು ಸಂತೋಷದಿಂದ ಕುಳಿತು, “ಊಟ ಬಿಟ್ಟಿ, ಕೋಣೆ ಬಿಟ್ಟಿ, ನಮಗೇನು ನಷ್ಟ?” ಎಂದು ಕೇಳುವನು. ಈ ಪ್ರಶ್ನೆಯನ್ನು ಅವನು ಕೇಳಿದಷ್ಟೇ ಸರಳವಾಗಿ ಎತ್ತಿಕೊಂಡು, ಒಂದು ತಟ್ಟೆಯಲ್ಲಿ ಉಪಚಾರವನ್ನೂ ಇನ್ನೊಂದು ತಟ್ಟೆಯಲ್ಲಿ ನಷ್ಟವನ್ನೂ ಇಟ್ಟು ತೂಗಿ ನೋಡುವುದೇ ಈ ಲೇಖನದ ಉದ್ದೇಶ. ಇದಕ್ಕೆ ಬೇಕಾಗುವುದು ಪ್ರೌಢಶಾಲೆಯ ಗಣಿತ ಮಾತ್ರ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿ ಕ್ಯಾಸಿನೋಗಳಿಲ್ಲ. ಕರ್ನಾಟಕದಲ್ಲಿ ಹಣವಿಟ್ಟು ಆಡುವ ಅದೃಷ್ಟದ ಆಟಗಳು 1963ರ ಪೊಲೀಸ್ ಕಾಯಿದೆಯಂತೆ ಅಪರಾಧ. ಲಾಟರಿಗಳು 2007ರಲ್ಲಿ ನಿಂತುಹೋದವು. ಇಂತಿದ್ದರೂ ಅಂದರ್–ಬಾಹರ್ ಎಂಬ ಇಸ್ಪೀಟಿನ ಆಟದ ಹೆಸರನ್ನೂ ಓಸಿ ಮಟ್ಕಾದ ಹೆಸರನ್ನೂ ಕೇಳದ ವಿದ್ಯಾರ್ಥಿ ಈ ಭಾಗದಲ್ಲಿ ಇರಲಾರನು. ಇನ್ನು ಕ್ಯಾಸಿನೋ ಎಂಬುದೂ ದೂರದ ಮಾತಲ್ಲ. ಹೊಸಪೇಟೆಯಲ್ಲಿ ರೈಲು ಹತ್ತಿದರೆ ಗದಗ, ಹುಬ್ಬಳ್ಳಿಗಳನ್ನು ದಾಟಿ ಗೋವೆಯನ್ನು ಸೇರಬಹುದು. ಗೋವೆಯ 1976ರ ಜೂಜು ಕಾಯಿದೆಗೆ 1992ರಲ್ಲಿ ಆದ ತಿದ್ದುಪಡಿಯು ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೂ, 1996ರಲ್ಲಿ ಆದುದು ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ದಾರಿ ತೆರೆಯಿತು. ಪಣಜಿಯ ಮಾಂಡೋವಿ ನದಿಯಲ್ಲಿ ದೀಪಾಲಂಕಾರದಿಂದ ನಿಂತಿರುವ ಹಡಗುಗಳನ್ನು ಪ್ರವಾಸಕ್ಕೆ ಹೋದ ನಮ್ಮ ಯುವಕರು ನೋಡದೆ ಬರುವುದಿಲ್ಲ.

ಹೊರಗೆ ನಿಂತು ನೋಡುವವನನ್ನು ಒಳಗೆ ಕರೆಯುವ ಸಾಧನವೇ ಉಪಚಾರ. ಪ್ರವೇಶದ ಹಣ ಕೊಟ್ಟರೆ ಬೇಕಾದಷ್ಟು ಊಟ, ಪಾನೀಯ, ಹಾಡು–ನೃತ್ಯ, ಮೇಲೆ ಇಷ್ಟು ರೂಪಾಯಿಯ ಆಟದ ಬಿಲ್ಲೆಗಳು; ಹೆಚ್ಚು ಆಡುವವನಿಗೆ ಕೋಣೆ, ವಾಹನ, ಆಡಿದ ಹಣದಲ್ಲಿ ಅಲ್ಪಾಂಶದ ಮರುಪಾವತಿ. ಈ ಪದ್ಧತಿಯು ಪೂರ್ಣ ಬೆಳೆದದ್ದು ಅಮೆರಿಕದ ನೆವಾಡ ಸಂಸ್ಥಾನದಲ್ಲಿ. ಅಲ್ಲಿಯೇ 1970ರ ದಶಕದ ಕೊನೆಯಲ್ಲಿ ವಿಡಿಯೋ ಪೋಕರ್ ಎಂಬ ಯಂತ್ರವೂ ಪ್ರಚಾರಕ್ಕೆ ಬಂದಿತು. ಉಪಚಾರವನ್ನು ನಷ್ಟದೊಡನೆ ತೂಗಲು ಈ ಯಂತ್ರದಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ಏಕೆಂದರೆ ಇದರ ಲೆಕ್ಕವೆಲ್ಲವೂ ಅದರ ಮುಖದ ಮೇಲೆಯೇ ಬರೆದಿರುತ್ತದೆ.

ಯಂತ್ರದ ಮುಖದಲ್ಲಿ ಬರೆದ ಲೆಕ್ಕ

ಯಂತ್ರವು 52 ಎಲೆಗಳಲ್ಲಿ ಐದನ್ನು ತೆರೆದು ತೋರಿಸುತ್ತದೆ. ಆಟಗಾರನು ಬೇಕಾದುವನ್ನು ಉಳಿಸಿಕೊಂಡು ಬೇಡವಾದುವನ್ನು ಬಿಟ್ಟರೆ ಬಿಟ್ಟವುಗಳ ಸ್ಥಾನದಲ್ಲಿ ಹೊಸ ಎಲೆಗಳು ಬರುತ್ತವೆ. ಕೊನೆಗೆ ಕೈಯಲ್ಲಿರುವ ಐದು ಎಲೆಗಳಿಗೆ ತಕ್ಕಂತೆ ಹಣ ಸಂದಾಯವಾಗುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಗುಲಾಮ ಅಥವಾ ಅದಕ್ಕೂ ಮೇಲಿನ ಎಲೆಗಳ ಒಂದು ಜತೆ ಬಂದರೆ ಪಣದ ಒಂದು ಪಾಲು, ಎರಡು ಜತೆಗಳಿಗೆ ಎರಡು, ಒಂದೇ ಬೆಲೆಯ ಮೂರಕ್ಕೆ ಮೂರು, ಕ್ರಮವಾದ ಐದಕ್ಕೆ ನಾಲ್ಕು, ಒಂದೇ ಜಾತಿಯ ಐದು ಎಲೆಗಳಿಗೆ, ಎಂದರೆ ಫ್ಲಷ್‌ಗೆ, ಆರು. ಮೂರು ಒಂದು ಬೆಲೆಯವೂ ಎರಡು ಇನ್ನೊಂದು ಬೆಲೆಯವೂ ಕೂಡಿದ ಫುಲ್ ಹೌಸಿಗೆ ಒಂಬತ್ತು. ಹೀಗೆ ಏರುತ್ತ ಹೋಗಿ, ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಕೂಡಿದ ರಾಯಲ್ ಫ್ಲಷ್‌ಗೆ ಪಣದ 800 ಪಾಲು ದೊರೆಯುತ್ತದೆ.

52 ಎಲೆಗಳಿಂದ ಐದನ್ನು ಎಷ್ಟು ವಿಧವಾಗಿ ಆರಿಸಬಹುದು? ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಕೊಟ್ಟಿರುವನು. 52, 51, 50, 49, 48 ಇವುಗಳ ಗುಣಲಬ್ಧವನ್ನು 1, 2, 3, 4, 5 ಇವುಗಳ ಗುಣಲಬ್ಧದಿಂದ ಭಾಗಿಸಿದರೆ 25,98,960 ಎಂದು ಬರುತ್ತದೆ. ಪ್ರತಿಯೊಂದು ಕೈಯಲ್ಲಿಯೂ ಎಲೆಗಳನ್ನು ಉಳಿಸುವ–ಬಿಡುವ ವಿಧಗಳು 32. ಗಣಕಯಂತ್ರವು ಇವೆಲ್ಲವನ್ನೂ ಪರೀಕ್ಷಿಸಿ, ಒಂದೂ ತಪ್ಪಿಲ್ಲದೆ ಆಡಿದವನಿಗೆ ದೀರ್ಘಕಾಲದಲ್ಲಿ 100 ರೂಪಾಯಿಗೆ 99.54 ರೂಪಾಯಿ ಹಿಂದಕ್ಕೆ ಬರುವುದೆಂದು ಲೆಕ್ಕ ಕೊಡುತ್ತದೆ. ಎಂದರೆ ಮನೆಯ ಪಾಲು ನೂರಕ್ಕೆ 46 ಪೈಸೆ.

ಈಗ ಪಕ್ಕದ ಯಂತ್ರವನ್ನು ನೋಡೋಣ. ಅದೇ ಬಣ್ಣ, ಅದೇ ಸದ್ದು, ಅದೇ 800 ಪಾಲಿನ ದೊಡ್ಡ ಬಹುಮಾನ. ಪಟ್ಟಿಯಲ್ಲಿ ಎರಡು ಅಂಕೆಗಳು ಮಾತ್ರ ಬದಲಾಗಿವೆ: ಫುಲ್ ಹೌಸಿಗೆ 9ರ ಬದಲು 8, ಫ್ಲಷ್‌ಗೆ 6ರ ಬದಲು 5. ಇವೆರಡೂ ಸುಮಾರು 90 ಆಟಗಳಿಗೊಮ್ಮೆ ಬರತಕ್ಕವು. ಒಂದು ನೂರಕ್ಕೆ 1.15ರಷ್ಟು, ಇನ್ನೊಂದು 1.1ರಷ್ಟು. ಎರಡರಲ್ಲಿಯೂ ಒಂದೊಂದು ಪಾಲನ್ನು ಕಡಿದರೆ ಒಟ್ಟು ನೂರಕ್ಕೆ ಸುಮಾರು ಎರಡೂಕಾಲರಷ್ಟು ಕಡಿದಂತಾಗುತ್ತದೆ. ಆದುದರಿಂದ ಈ ಯಂತ್ರವು ಹಿಂದಕ್ಕೆ ಕೊಡುವುದು 97.30, ಮನೆಯ ಪಾಲು 2.7. ನಮ್ಮ ತಕ್ಕಡಿಯ ಕೊರತೆ ಇದೇ. ಫುಲ್ ಹೌಸಿಗೆ 6 ಎಂದು ಬರೆದ ಮೂರನೆಯ ಬಗೆಯ ಯಂತ್ರವು ಕೊಡುವುದು 95 ಮಾತ್ರ.

ಇಲ್ಲಿ ಮೋಸವೆಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕು. ಯಂತ್ರದ ಒಡೆಯನು ಏನನ್ನೂ ಬಚ್ಚಿಟ್ಟಿಲ್ಲ. 8 ಎಂದೂ 5 ಎಂದೂ ದೊಡ್ಡದಾಗಿಯೇ ಬರೆದಿರುವನು. ಓದಲು ಬಾರದವನ ಮುಂದೆ ತೆರೆದಿಟ್ಟ ಕರಾರುಪತ್ರದಂತೆ ಅದು ಅಲ್ಲಿರುತ್ತದೆ. ಅಕ್ಷರಜ್ಞಾನವಿದ್ದರೂ ಸಂಭವನೀಯತೆಯ ಜ್ಞಾನವಿಲ್ಲದವನು ಈ ಪತ್ರಕ್ಕೆ ಹೆಬ್ಬೆಟ್ಟನ್ನೇ ಒತ್ತುವನು.

ಎರಡು ತಟ್ಟೆಗಳು

ನೂರಕ್ಕೆ 2.7 ಎಂದರೆ ಅಲ್ಪವೆಂದು ತೋರಬಹುದು. “ಐದು ಸಾವಿರ ರೂಪಾಯಿ ಒಯ್ದರೆ 135 ರೂಪಾಯಿ ಹೋದೀತು, ಊಟವೇ ಅದಕ್ಕಿಂತ ಹೆಚ್ಚು” ಎಂದು ಲೆಕ್ಕ ಹಾಕುವವರುಂಟು. ಈ ಲೆಕ್ಕದ ದೋಷವು ಬಹು ಮುಖ್ಯವಾದದ್ದು. ಮನೆಯ ಪಾಲು ಕೈಚೀಲದ ಹಣದ ಮೇಲೆ ಬೀಳುವುದಿಲ್ಲ. ಯಂತ್ರದಲ್ಲಿ ಸುತ್ತಿದ ಒಟ್ಟು ಹಣದ ಮೇಲೆ ಬೀಳುತ್ತದೆ. ಗೆದ್ದ ಹಣವನ್ನು ಮತ್ತೆ ಹೂಡುತ್ತ ಹೋದರೆ ಅದೇ ರೂಪಾಯಿ ಹತ್ತಾರು ಸಲ ತಕ್ಕಡಿಯನ್ನೇರುತ್ತದೆ, ಪ್ರತಿಸಲವೂ ಕೊರತೆ ತೂಗಿಸಿಕೊಳ್ಳುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಆಟಕ್ಕೆ 50 ರೂಪಾಯಿಯ ಪಣ, ಗಂಟೆಗೆ 500 ಆಟ, ಒಂದು ರಾತ್ರಿಯಲ್ಲಿ ಆರು ಗಂಟೆ ಎಂದಿಟ್ಟುಕೊಂಡರೆ 3,000 ಆಟಗಳಾದವು. ಸುತ್ತಿದ ಹಣ 1,50,000 ರೂಪಾಯಿ. ಇದರ ನೂರಕ್ಕೆ 2.7 ಎಂದರೆ 4,050 ರೂಪಾಯಿ. ಇದು ಒಂದು ತಟ್ಟೆ.

ಇನ್ನೊಂದು ತಟ್ಟೆಯಲ್ಲಿ ಉಪಚಾರವನ್ನಿಡೋಣ. ಎರಡು ಊಟ, ಒಂದು ರಾತ್ರಿಯ ಕೋಣೆ, ಸುತ್ತಿದ ಹಣದ ಮೇಲೆ ನೂರಕ್ಕೆ 20 ಪೈಸೆಯ ಮರುಪಾವತಿ. ಕೋಣೆಗೂ ಊಟಕ್ಕೂ ಕೂಡಿ 3,000 ರೂಪಾಯಿ ಎಂದು ಮನೆಯವರು ಹೇಳಬಹುದು. ಆದರೆ ಆ ಬೆಲೆಯನ್ನು ನಾವು ಒಪ್ಪಬೇಕಾದುದಿಲ್ಲ. ಉಡುಗೊರೆಯ ಬೆಲೆ ಅದರ ಮೇಲೆ ಅಂಟಿಸಿದ ಚೀಟಿಯಲ್ಲಿಲ್ಲ. ಆ ವಸ್ತುವಿಗೆ ನಾವು ನಮ್ಮ ಜೇಬಿನಿಂದ ಎಷ್ಟು ಕೊಡುತ್ತಿದ್ದೆವು ಎಂಬುದರಲ್ಲಿದೆ. ಸಾಮಾನ್ಯ ಖಾನಾವಳಿಯಲ್ಲಿ ಎರಡು ಊಟಕ್ಕೆ 300, ಸಾಧಾರಣ ವಸತಿಗೃಹಕ್ಕೆ 600 ಕೊಡುವವನಿಗೆ ಆ ಉಪಚಾರದ ನಿಜವಾದ ಬೆಲೆ 900 ರೂಪಾಯಿ. ಮರುಪಾವತಿಯ 300 ಸೇರಿದರೆ 1,200. ಹೀಗೆ ಒಂದು ಕಡೆ 4,050, ಇನ್ನೊಂದು ಕಡೆ 1,200. ಬಿಟ್ಟಿಯೆಂದ ಆ ರಾತ್ರಿಗೆ ಸರಾಸರಿಯಲ್ಲಿ ತೆತ್ತ ಬೆಲೆ 2,850 ರೂಪಾಯಿ. ಇವನು ತನ್ನದೇ ಹಣದಿಂದ ಅದೇ ಊಟವನ್ನು ಕೊಂಡಿದ್ದರೆ ಮೂರು ರಾತ್ರಿಗಳನ್ನು ಕಳೆಯಬಹುದಾಗಿತ್ತು.

ಇದೇ ರಾತ್ರಿಯನ್ನು ಮೊದಲಿನ ಯಂತ್ರದ ಮುಂದೆ ತಪ್ಪಿಲ್ಲದೆ ಕಳೆದಿದ್ದರೆ ನಷ್ಟ 690 ರೂಪಾಯಿ. ಎರಡು ಯಂತ್ರಗಳ ನಡುವಣ ಅಂತರ 3,360 ರೂಪಾಯಿ. ಎಂದರೆ ಮನೆಯವರು ಚೀಟಿಯಲ್ಲಿ ಬರೆದ ಬೆಲೆಗಿಂತಲೂ ಹೆಚ್ಚು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಊಟ ಎಂಥದು, ಕೋಣೆ ಎಷ್ಟು ದೊಡ್ಡದು ಎಂಬ ವಿಚಾರವೆಲ್ಲ ಗೌಣ. ಪಟ್ಟಿಯ ಆ ಎರಡು ಅಂಕೆಗಳೇ ಪ್ರಧಾನ. ಉಪಚಾರವು ಆಟಗಾರನ ದೃಷ್ಟಿಯನ್ನು ಅಂಕೆಗಳಿಂದ ತಟ್ಟೆಯ ಕಡೆಗೆ ತಿರುಗಿಸುತ್ತದೆ. ಅದರ ಕೆಲಸವೇ ಅದು.

ಮನೆಯವನಿಗೆ ಈ ಲೆಕ್ಕವೆಲ್ಲ ಗೊತ್ತು. ಒಬ್ಬ ಆಟಗಾರನಿಗೆ ಎಷ್ಟು ಉಪಚಾರ ಸಲ್ಲಬೇಕೆಂಬುದನ್ನು ಅವನು ನಿಶ್ಚಯಿಸುವುದು ಆ ಆಟಗಾರನು ನಿಜವಾಗಿ ಸೋತ ಹಣದಿಂದಲ್ಲ. ಸರಾಸರಿ ಪಣ, ಗಂಟೆಗೆ ಆಟಗಳ ಸಂಖ್ಯೆ, ಆಡಿದ ಗಂಟೆಗಳು, ಮನೆಯ ಪಾಲು ಈ ನಾಲ್ಕರ ಗುಣಲಬ್ಧದಿಂದ. ನಾವು ಮೇಲೆ ಮಾಡಿದ ಗುಣಾಕಾರವೇ ಇದು. ಹೀಗೆ ಬಂದ ಮೊತ್ತದ ಒಂದಂಶವನ್ನು ಊಟವಾಗಿ, ಕೋಣೆಯಾಗಿ ಹಿಂದಿರುಗಿಸಲಾಗುತ್ತದೆ. ಪೂರ್ಣವನ್ನು ಹಿಂದಿರುಗಿಸುವ ಮನೆ ಒಂದು ವರ್ಷವೂ ಬಾಳಲಾರದು.

ಪ್ರವೇಶದೊಡನೆ ಕೊಡುವ ಬಿಲ್ಲೆಗಳನ್ನೂ ಹೀಗೆಯೇ ತೂಗಬೇಕು. ಇವನ್ನು ಹಣವಾಗಿ ಮಾರ್ಪಡಿಸಲು ಬರುವುದಿಲ್ಲ. ಒಂದು ಸಲ ಪಣವಾಗಿಟ್ಟರೆ ಸೋತರೂ ಗೆದ್ದರೂ ಬಿಲ್ಲೆ ಹೋಗುತ್ತದೆ, ಗೆದ್ದರೆ ಗೆಲುವಿನ ಹಣ ಮಾತ್ರ ಬರುತ್ತದೆ ಎಂಬ ಕಟ್ಟಳೆ ಇದ್ದರೆ, ಸಮಸಮ ಪಣದ ಆಟದಲ್ಲಿ 1,500 ರೂಪಾಯಿ ಎಂದು ಬರೆದ ಬಿಲ್ಲೆಯ ಬೆಲೆ 750ಕ್ಕೂ ಕಡಿಮೆ. ಇದಲ್ಲದೆ ಸರಕಾರದ ಪಾಲೂ ಉಂಟು. ಕ್ಯಾಸಿನೋದ ಬಿಲ್ಲೆಗಳ ಪೂರ್ಣ ಮುಖಬೆಲೆಯ ಮೇಲೆ 2023ರ ಅಕ್ಟೋಬರ್ 1ರಿಂದ ನೂರಕ್ಕೆ 28ರಷ್ಟು ತೆರಿಗೆ ಬಿತ್ತು; 2025ರ ಸೆಪ್ಟೆಂಬರ್ 22ರಿಂದ ಅದು 40ಕ್ಕೆ ಏರಿತು. ಇದನ್ನು ಮನೆಯವನು ಹೊತ್ತರೂ ಆಟಗಾರನು ಹೊತ್ತರೂ ಕೊನೆಗೆ ಅದು ಸಲ್ಲಬೇಕಾದುದು ಮೇಜಿನ ಮೇಲಿನ ಹಣದಿಂದಲೇ.

ಕೆಲವು ಆಕ್ಷೇಪಗಳು

“ಗೆದ್ದು ಬಂದವರನ್ನು ನಾವೇ ನೋಡಿದ್ದೇವಲ್ಲ” ಎಂಬುದು ಮೊದಲನೆಯ ಆಕ್ಷೇಪ. ನೋಡಿರಬಹುದು, ಲೆಕ್ಕಕ್ಕೆ ಅದು ವಿರುದ್ಧವಲ್ಲ. ಭೌತಶಾಸ್ತ್ರದ ವಿದ್ಯಾರ್ಥಿಗಳು ಬ್ರೌನನ ಚಲನೆಯನ್ನು ಓದಿರುವರು. ನಿಂತ ನೀರಿನಲ್ಲಿ ಸೂಕ್ಷ್ಮಕಣವೊಂದು ಅತ್ತಿತ್ತ ತೊನೆಯುತ್ತದೆ. ಹೊರಟ ಸ್ಥಳದಿಂದ ಅದು ಸರಿಯುವ ದೂರವು ಕಾಲದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಅದೇ ಕಣವನ್ನು ಹಡಗಲಿಯ ಬಳಿ ಹರಿಯುವ ತುಂಗಭದ್ರೆಯಲ್ಲಿ ಬಿಟ್ಟರೆ ತೊನೆದಾಟದೊಡನೆ ಹೊಳೆಯ ಸೆಳೆತವೂ ಕೂಡುತ್ತದೆ. ಸೆಳೆತವು ಬೆಳೆಯುವುದು ಕಾಲಕ್ಕೇ ನೇರವಾಗಿ. ಕ್ಷಣಕಾಲ ಕಣವು ಹೊಳೆಗೆ ಇದಿರಾಗಿ ಸರಿದಂತೆ ಕಂಡರೂ ಕಾಣಬಹುದು. ಸಂಜೆಯ ಹೊತ್ತಿಗೆ ಅದು ಎಲ್ಲಿರುವುದೆಂಬುದರಲ್ಲಿ ಸಂದೇಹವಿಲ್ಲ.

ನಮ್ಮ ಉದಾಹರಣೆಯಲ್ಲಿ ಒಂದು ರಾತ್ರಿಯ ಸೆಳೆತ 4,050 ರೂಪಾಯಿ. ತೊನೆದಾಟ, ಎಂದರೆ ಮಾನಕ ವಿಚಲನೆ, ಸುಮಾರು 12,000 ರೂಪಾಯಿ. ಆದುದರಿಂದ ಒಂದು ರಾತ್ರಿಯಲ್ಲಿ ಗೆದ್ದು ಬರುವವರು ಕೆಲವರು ಇದ್ದೇ ಇರುವರು. ಹತ್ತು ರಾತ್ರಿಗಳಲ್ಲಿ ಸೆಳೆತ 40,500 ಆದರೆ ತೊನೆದಾಟ ಸುಮಾರು 38,000 ಮಾತ್ರ. ನೂರು ರಾತ್ರಿಗಳಲ್ಲಿ ಸೆಳೆತ 4,05,000, ತೊನೆದಾಟ 1,20,000. ಆಟಗಾರನು ಕಾಣುವುದು ಒಂದೆರಡು ರಾತ್ರಿಗಳನ್ನು. ಮನೆಯವನು ಕಾಣುವುದು ಸಾವಿರಾರು ಆಟಗಾರರ ಸಾವಿರಾರು ರಾತ್ರಿಗಳನ್ನು. ಅದೃಷ್ಟವೆಂಬುದು ಆಟಗಾರನಿಗೆ ಮಾತ್ರ ಉಂಟು; ಮನೆಯವನಿಗೆ ಇರುವುದು ಸರಾಸರಿ. ದೊಡ್ಡ ಸಂಖ್ಯೆಗಳ ಈ ನಿಯಮವನ್ನು ಯಾಕೋಬ್ ಬೆರ್ನೂಲಿಯ ಗ್ರಂಥವು 1713ರಲ್ಲಿಯೇ ಸಾಧಿಸಿ ತೋರಿಸಿತು. ಇನ್ನೊಂದು ಮಾತು: ನೂರಕ್ಕೆ 97.30 ಎಂಬ ಲೆಕ್ಕದಲ್ಲಿ ಸುಮಾರು 2 ಪಾಲು ಬರುವುದು 40,000 ಆಟಗಳಿಗೆ ಒಮ್ಮೆ ಕಾಣಿಸುವ ರಾಯಲ್ ಫ್ಲಷ್‌ನಿಂದ. ಅದು ಬಾರದ ರಾತ್ರಿಗಳಲ್ಲಿ, ಎಂದರೆ ಬಹುಪಾಲು ರಾತ್ರಿಗಳಲ್ಲಿ, ಸೆಳೆತವು ನೂರಕ್ಕೆ 4.7ರಷ್ಟಿರುತ್ತದೆ.

“ಜಾಣನಾದವನು ಯಂತ್ರವನ್ನು ಗೆಲ್ಲಬಹುದಲ್ಲವೆ?” ಎಂಬುದು ಎರಡನೆಯದು. ನಿಜವನ್ನು ಮರೆಮಾಡಬೇಕಾಗಿಲ್ಲ: ಒಳ್ಳೆಯ ಪಟ್ಟಿಯ ಯಂತ್ರದೊಡನೆ ಉದಾರವಾದ ಮರುಪಾವತಿ ಕೂಡಿದಾಗ ಲೆಕ್ಕವು ಆಟಗಾರನ ಕಡೆಗೆ ವಾಲುವುದುಂಟು. 99.54ಕ್ಕೆ ಅರ್ಧ ರೂಪಾಯಿಯ ಮರುಪಾವತಿ ಕೂಡಿದರೆ 100.04 ಆಯಿತು. ನೆವಾಡದಲ್ಲಿ ಇಂಥ ಯಂತ್ರಗಳನ್ನು ಹುಡುಕಿ ಹುಡುಕಿ ಆಡಿದವರಿದ್ದರು. ಆದರೆ ಅದರ ಫಲವೆಷ್ಟು? ಗಂಟೆಗೆ 25,000 ರೂಪಾಯಿ ಸುತ್ತಿಸಿದರೆ ನೂರಕ್ಕೆ 4 ಪೈಸೆಯಂತೆ ಗಂಟೆಗೆ 10 ರೂಪಾಯಿ. ಅದೂ ಒಂದೂ ತಪ್ಪಿಲ್ಲದೆ ಆಡಿದರೆ. ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ 2025–26ನೇ ಸಾಲಿಗೆ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ಕೆರೆಯ ಹೂಳೆತ್ತಿದವನು ಒಂದು ದಿನದಲ್ಲಿ ಪಡೆದ ಕೂಲಿಗೆ ಈ ಜಾಣನು 37 ಗಂಟೆ ದುಡಿಯಬೇಕು. ಕೂಲಿಯವನು ತನ್ನ ಗಂಟನ್ನು ಪಣಕ್ಕಿಡಬೇಕಾದುದಿಲ್ಲ.

“ಇದು ವಿನೋದ, ಸಿನಿಮಾ ನೋಡಲು ಹಣ ಕೊಡುವುದಿಲ್ಲವೆ?” ಎಂಬ ಮೂರನೆಯ ಆಕ್ಷೇಪಕ್ಕೆ ನಾವು ಗೌರವ ಕೊಡುತ್ತೇವೆ. ಆದರೆ ಸಿನಿಮಾದ ಟಿಕೆಟ್ಟಿನ ಮೇಲೆ ಬೆಲೆ ಅಚ್ಚಾಗಿರುತ್ತದೆ, ಹೆಚ್ಚು ಹೊತ್ತು ಕುಳಿತರೆ ಬೆಲೆ ಏರುವುದಿಲ್ಲ. ಯಂತ್ರದ ವಿನೋದಕ್ಕೂ ಗಂಟೆಗೆ 675 ರೂಪಾಯಿ ಎಂದು ಮುಖದ ಮೇಲೆ ಬರೆದಿರಲಿ. ಬಳಿಕ ಬೇಕಾದವರು ಕೊಳ್ಳಲಿ. ಬೆಲೆಯನ್ನು ತಿಳಿಯದೆ ಕೊಂಡ ವಿನೋದವನ್ನು ವಿನೋದದ ವ್ಯಾಪಾರವೆನ್ನಲಾಗದು.

ನಾಲ್ಕನೆಯದು ನಮ್ಮ ಸೀಮೆಯದೇ ಆದ ಆಕ್ಷೇಪ: “ಮಳೆಯನ್ನು ನಂಬಿದ ಬೇಸಾಯವೇ ಜೂಜು, ಇನ್ನೊಂದು ಜೂಜಿಗೆ ಹೆದರುವುದೇಕೆ?” ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ವಾಕ್ಯದ ಕಾರಣಿಕಕ್ಕೆ ಸಹಸ್ರಾರು ರೈತರು ಉಸಿರು ಹಿಡಿದು ಕಾಯುವ ನಾಡಿದು; ಮುಂದಿನ ಮಳೆಯ ಅನಿಶ್ಚಿತತೆ ಇಲ್ಲಿ ಮನೆಮನೆಯ ಚಿಂತೆ. ಆದರೆ ಬೇಸಾಯವು ಜೂಜಲ್ಲ. ಮಳೆಗೆ ಒಡೆಯನಿಲ್ಲ, ರೈತನ ಪ್ರತಿಯೊಂದು ಬೀಜದಿಂದಲೂ ನೂರಕ್ಕೆ ಇಷ್ಟು ಕಡಿಯಬೇಕೆಂದು ಪಟ್ಟಿ ಬರೆದವರಿಲ್ಲ. ಒಡ್ಡು ಹಾಕುವುದರಿಂದ, ತಳಿಯನ್ನು ಆರಿಸುವುದರಿಂದ, ಬಿತ್ತುವ ಹದವನ್ನರಿಯುವುದರಿಂದ ರೈತನು ಲೆಕ್ಕವನ್ನು ತನ್ನ ಕಡೆಗೆ ವಾಲಿಸಬಲ್ಲನು. ಯಂತ್ರದ ಮುಂದೆ ಎಷ್ಟು ಬೆವರು ಸುರಿಸಿದರೂ 97.30 ಎಂಬುದು 97.31 ಆಗದು.

ಇದಕ್ಕಿಂತ ಆಳವಾದ ಭೇದವೊಂದುಂಟು. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಶೇಂಗಾಕ್ಕೆ ರೈತನು ತೆರಬೇಕಾದುದು ವಿಮೆಯ ಮೊತ್ತದ ನೂರಕ್ಕೆ ಹೆಚ್ಚೆಂದರೆ 2. ಉಳಿದುದನ್ನು ಸರಕಾರಗಳು ಭರಿಸುತ್ತವೆ. ನಮ್ಮ ಯಂತ್ರದ 2.7ಕ್ಕೂ ಇದಕ್ಕೂ ಸಂಖ್ಯೆಯಲ್ಲಿ ಹೆಚ್ಚು ಅಂತರವಿಲ್ಲ. ಆದರೆ ವಿಮೆಯ ಕಂತು ಹಂಗಾಮಿಗೊಮ್ಮೆ ಸಲ್ಲತಕ್ಕದ್ದು. ಯಂತ್ರದ ಕಂತು ಗಂಟೆಗೆ ಐನೂರು ಸಲ. ವಿಮೆಯು ಕೆಟ್ಟ ವರ್ಷದಲ್ಲಿ ಹಣ ತಂದು ಮನೆಯನ್ನು ನಿಲ್ಲಿಸುತ್ತದೆ. ಜೂಜು ಒಳ್ಳೆಯ ವರ್ಷದ ಹಣವನ್ನೊಯ್ದು ಮನೆಗೆ ಕೆಟ್ಟ ವರ್ಷವನ್ನು ತರುತ್ತದೆ. ಒಂದೇ ಸಾವಿರ ರೂಪಾಯಿ ಬಡವನಿಗೂ ಧನಿಕನಿಗೂ ಸಮಾನ ತೂಕದ್ದಲ್ಲವೆಂದು ಡೇನಿಯಲ್ ಬೆರ್ನೂಲಿ 1738ರಲ್ಲಿ ವಾದಿಸಿದನು. ಬಿತ್ತನೆಗೆಂದು ಎತ್ತಿಟ್ಟ ಹತ್ತು ಸಾವಿರವನ್ನು ಕಳೆದುಕೊಂಡರೆ ಹೋಗುವುದು ಹತ್ತು ಸಾವಿರವಲ್ಲ, ಆ ವರ್ಷದ ಬೆಳೆ.

ನಾವು ಮಾಡಬೇಕಾದುದು

ನಿಷೇಧಗಳು ಇವೆ. ಹಣವಿಟ್ಟು ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆ ಆಟಗಳಲ್ಲಿಯೂ “ಸೇರಿದವರಿಗೆ ಇಷ್ಟು ರೂಪಾಯಿ ಉಚಿತ” ಎಂಬ ಉಪಚಾರವೇ ಬಾಗಿಲಾಗಿತ್ತು. ಶಾಸನವು ಅವಶ್ಯವೆಂದೇ ನಮ್ಮ ಅಭಿಪ್ರಾಯ. ಆದರೆ ಶಾಸನಕ್ಕೆ ಗಡಿಯುಂಟು, ತಿಳಿವಳಿಕೆಗೆ ಗಡಿಯಿಲ್ಲ. ಒಂದು ಬಾಗಿಲು ಮುಚ್ಚಿದರೆ ಮತ್ತೊಂದು ರಾಜ್ಯದಲ್ಲಿ, ಮತ್ತೊಂದು ಹೆಸರಿನಲ್ಲಿ ಬಿಟ್ಟಿ ಊಟ ಮತ್ತೆ ಬರುತ್ತದೆ. ತೂಗಲು ಬಲ್ಲವನು ಎಲ್ಲಿ ಹೋದರೂ ತಕ್ಕಡಿ ಅವನೊಡನೆ ಇರುತ್ತದೆ.

ಆದುದರಿಂದ ಎರಡು ಸೂಚನೆಗಳನ್ನು ಮುಂದಿಡುತ್ತೇವೆ. ಮೊದಲನೆಯದು, ಜೂಜು ಸಕ್ರಮವಾಗಿರುವ ಕಡೆಗಳಲ್ಲಿ ಪ್ರತಿಯೊಂದು ಆಟದ ಮೇಲೂ ಮನೆಯ ಪಾಲನ್ನೂ ಗಂಟೆಯ ಸರಾಸರಿ ನಷ್ಟವನ್ನೂ ಎದ್ದು ಕಾಣುವಂತೆ ಬರೆಯಿಸಬೇಕು. ಮಾರುಕಟ್ಟೆಯ ತಕ್ಕಡಿಗೆ ಸರಕಾರದ ಮುದ್ರೆ ಬೇಕೆನ್ನುವ ದೇಶದಲ್ಲಿ ಇದು ಅತಿಯಾದ ಬೇಡಿಕೆಯಲ್ಲ. ಯಂತ್ರವು ಸರಾಸರಿಯಲ್ಲಿ ಎಷ್ಟನ್ನು ಹಿಂದಕ್ಕೆ ಕೊಡುತ್ತದೆಂಬುದನ್ನು ಆಟಗಾರನಿಗೆ ತಿಳಿಸಬೇಕೆಂಬ ನಿಯಮ ಬ್ರಿಟನ್ನಿನಲ್ಲಿ ಉಂಟು.

ಎರಡನೆಯದು ತರಗತಿಗೆ ಸಂಬಂಧಿಸಿದ್ದು. ಸಂಭವನೀಯತೆಯ ಪಾಠದಲ್ಲಿ ನಾಣ್ಯ ಚಿಮ್ಮುವುದನ್ನೂ ಚೀಲದಿಂದ ಕೆಂಪು ಚೆಂಡು ತೆಗೆಯುವುದನ್ನೂ ಮಾಡಿಸುತ್ತೇವೆ. ಚೀಲದ ಚೆಂಡಿನಿಂದ ಯಾರ ಮನೆಯೂ ಹಾಳಾಗಿಲ್ಲ. ಊರಿನಲ್ಲಿ ನಿಜವಾಗಿ ನಡೆಯುವ ಆಟಗಳ ಲೆಕ್ಕವನ್ನೇ ಮಾಡಿಸಬೇಕು. ಓಸಿಯಲ್ಲಿ ಎರಡಂಕಿಯ ಸಂಖ್ಯೆಗೆ ರೂಪಾಯಿಗೆ 80 ಕೊಡುವರೆಂಬುದು ವಾಡಿಕೆಯ ಮಾತು. ನೂರು ಸಂಖ್ಯೆಗಳಲ್ಲಿ ಒಂದು ಬರತಕ್ಕದ್ದು. ಹಾಗಿದ್ದರೆ ನೂರು ರೂಪಾಯಿಗೆ ಹಿಂದಕ್ಕೆ ಬರುವುದು 80. ಮನೆಯ ಪಾಲು 20! ಈ ಗುಣಾಕಾರಕ್ಕೆ ಏಳನೆಯ ತರಗತಿ ಸಾಕು.

ಅಂದರ್–ಬಾಹರ್ ಇನ್ನೂ ಸ್ವಾರಸ್ಯವಾದುದು. ಒಂದು ಎಲೆಯನ್ನು ತೆರೆದಿಟ್ಟು, ಅದೇ ಬೆಲೆಯ ಎಲೆ ಬರುವವರೆಗೆ ಉಳಿದ 51 ಎಲೆಗಳನ್ನು ಎರಡು ಕಡೆಗೂ ಒಂದೊಂದಾಗಿ ಹಾಕುತ್ತಾರೆ. ಎರಡು ಕಡೆಗಳೂ ಸಮವೆಂದು ತೋರುತ್ತದೆ. ಮಹಾವೀರಾಚಾರ್ಯನ ಸೂತ್ರದಿಂದ ಎಣಿಸಿದರೆ, ಅದೇ ಬೆಲೆಯ ಮೂರು ಎಲೆಗಳು 51 ಸ್ಥಾನಗಳಲ್ಲಿ ಕೂಡಬಹುದಾದ ವಿಧಗಳು 20,825. ಇವುಗಳಲ್ಲಿ ಮೊದಲು ಎಲೆ ಬಿದ್ದ ಕಡೆ ಗೆಲ್ಲುವುವು 10,725. ಎಂದರೆ ನೂರಕ್ಕೆ 51.5. ಕ್ಯಾಸಿನೋಗಳಲ್ಲಿ ರೂಢಿಯಲ್ಲಿರುವಂತೆ ಆ ಕಡೆಗೆ ರೂಪಾಯಿಗೆ 90 ಪೈಸೆಯನ್ನೂ ಇನ್ನೊಂದು ಕಡೆಗೆ ಪೂರ್ಣ ರೂಪಾಯಿಯನ್ನೂ ಕೊಟ್ಟರೆ ಒಂದು ಕಡೆ ಮನೆಯ ಪಾಲು 2.15, ಇನ್ನೊಂದು ಕಡೆ 3. ಯಾವ ಕಡೆ ಕಟ್ಟಿದರೂ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ.

ಇದನ್ನು ನಂಬಬೇಕಾದುದಿಲ್ಲ, ಪರೀಕ್ಷಿಸಬಹುದು. ಹಣದ ಮಾತಿಲ್ಲದೆ, ಒಬ್ಬ ವಿದ್ಯಾರ್ಥಿಯು 100 ಸಲ ಈ ಎಲೆಗಳನ್ನು ಹಾಕಿ ಫಲಿತಾಂಶವನ್ನು ಬರೆದುಕೊಳ್ಳಲಿ. ನೂರಕ್ಕೆ ಐದರಷ್ಟು ತೊನೆದಾಟ ಸಹಜವಾಗಿಯೇ ಇರುವುದರಿಂದ ಒಂದೂವರೆಯ ಓಟ ಅವನಿಗೆ ಕಾಣಿಸದು. ಆಟ ಸಮವೆಂದೇ ಅವನು ಪ್ರಮಾಣ ಮಾಡಿಯಾನು. ಆದರೆ ನಲವತ್ತು ವಿದ್ಯಾರ್ಥಿಗಳು ತಲೆಗೆ 250 ಸಲ ಹಾಕಿ ಎಲ್ಲರ ಲೆಕ್ಕವನ್ನೂ ಕೂಡಿಸಿದರೆ 10,000 ಆಗುತ್ತದೆ; ತೊನೆದಾಟ ನೂರಕ್ಕೆ ಅರ್ಧಕ್ಕೆ ಇಳಿಯುತ್ತದೆ; ಒಂದೂವರೆಯ ಓಟ ಬಹುಮಟ್ಟಿಗೆ ಎದ್ದು ಕಾಣುತ್ತದೆ. ಒಬ್ಬೊಬ್ಬರಾಗಿ ಕುಳಿತ ಆಟಗಾರರಿಗೆ ಕಾಣದಿರುವುದು, ಮನೆಯ ಒಡೆಯನಿಗೆ ಮಾತ್ರ ಕಾಣುತ್ತಿದ್ದುದು, ಒಂದು ತರಗತಿಯ ಕಪ್ಪುಹಲಗೆಯ ಮೇಲೆ ಎಲ್ಲರಿಗೂ ಕಾಣುವಂತಾಗುತ್ತದೆ. ಇಸ್ಪೀಟಿನ ಕಟ್ಟುಗಳು, ಸಾಕಷ್ಟು ಕಾಲ, ಕೂಡಿಸುವ ತಾಳ್ಮೆ ಇಷ್ಟೇ ಇದಕ್ಕೆ ಬೇಕಾದ ಸಾಮಗ್ರಿ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಯಾವ ಶಾಲೆಯಲ್ಲಿಯಾದರೂ ಇದನ್ನು ಈ ವಾರವೇ ಮಾಡಬಹುದು.